ಎರಡು ಚುಕ್ಕಿಯ ಅಕ್ಷರ

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ರಷ್ಯನ್ ವರ್ಣಮಾಲೆಯ 'ಯೋ' ಅಕ್ಷರದ ಬಗ್ಗೆ ಆಡಿದ ಮಾತುಗಳಿವು. ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಹೇಳಿದ್ದೇನೆ. ಉಚ್ಚಾರಣೆ ಆದಷ್ಟು ಹತ್ತಿರ ಬರುವ ಹಾಗೆ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ರಷ್ಯನ್ ಕಲಿಯಲು ಶುರುಮಾಡಿ ಆರು ತಿಂಗಳಾಗಿತ್ತು. ಮೊದಲ ಪಠ್ಯಪುಸ್ತಕ ಮುಗಿದಿತ್ತು. ಅವತ್ತು ಟೀಚರ್ ಒಂದು ಹಳೆಯ ರಷ್ಯನ್ ದಿನಪತ್ರಿಕೆ ತಂದು ನನ್ನ ಮುಂದೆ ಹರಡಿದರು. 'ಓದಿ, ನೋಡೋಣ' ಅಂದರು. ಮೊದಲ ಸಾಲಿನಲ್ಲೇ ಮೂರಕ್ಷರದ ಒಂದು ಪದ. ನಾನು ಧೈರ್ಯವಾಗಿ 'ಫ್ಸ್ಯೆ' ಅಂತ ಓದಿದೆ. ಟೀಚರ್ ತಲೆ ಅಲ್ಲಾಡಿಸಿದರು. 'ಫ್ಸ್ಯೋ' ಅಂದರು. ನಾನು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ನೋಡಿದೆ. ಅಚ್ಚಾಗಿದ್ದದ್ದು 'ಫ್ಸ್ಯೆ' ಅಂತಲೇ.

ಫ್ಸ್ಯೆ ಅಂದರೆ 'ಎಲ್ಲರೂ'. ಫ್ಸ್ಯೋ ಅಂದರೆ 'ಎಲ್ಲವೂ'. ಎರಡು ಪದಕ್ಕೂ ಇರುವ ವ್ಯತ್ಯಾಸ ಕೊನೆಯ ಅಕ್ಷರದ ತಲೆಯ ಮೇಲಿನ ಎರಡು ಚುಕ್ಕಿ, ಅಷ್ಟೇ. ನನ್ನ ಪಠ್ಯಪುಸ್ತಕದಲ್ಲಿ ಆ ಚುಕ್ಕಿ ಇತ್ತು. ಪತ್ರಿಕೆಯಲ್ಲಿ ಇಲ್ಲ. 'ಚುಕ್ಕಿ ಹಾಕದಿದ್ದರೆ ನನಗೆ ಗೊತ್ತಾಗೋದು ಹೇಗೆ?' ಅಂತ ಕೇಳಿದೆ. 'ಓದುತ್ತಾ ಓದುತ್ತಾ ಗೊತ್ತಾಗುತ್ತೆ' ಅಂದರು. ಸೈಕಲ್ ಕಲಿಸುವಾಗ ಹಿಂದೆ ಸೀಟು ಹಿಡಿದುಕೊಂಡಿದ್ದವರು ಹೇಳದೇ ಕೈಬಿಟ್ಟ ಹಾಗಾಯಿತು ನನಗೆ.

ಇದನ್ನು ನಮ್ಮ ಭಾಷೆಗೆ ತಂದು ನೋಡಿ. ನಾಳೆಯಿಂದ ಕನ್ನಡ ಪತ್ರಿಕೆಗಳು 'ಏ' ಸ್ವರದ ದೀರ್ಘವನ್ನು ಬಿಟ್ಟುಬಿಡುತ್ತವೆ ಅಂದುಕೊಳ್ಳಿ. 'ಬೆಳೆ ಬೆಲೆ ಹೆಚ್ಚಳ' ಅಂತ ತಲೆಬರಹ ಬರುತ್ತೆ. ಹೊಲದಲ್ಲಿರುವ ಬೆಳೆಯೋ, ಡಬ್ಬದಲ್ಲಿರುವ ಬೇಳೆಯೋ? ಕೆಳಗಿನ ಸುದ್ದಿ ಓದಿದರೆ ನಮಗೆ ತಿಳಿಯುತ್ತೆ, ನಿಜ. ಆದರೆ ಈಗಷ್ಟೇ ಕನ್ನಡ ಕಲಿಯುತ್ತಿರುವವರ ಕತೆ? ನಮ್ಮ ಹಳೆಯ ಶಾಸನಗಳಲ್ಲಿ ಹೀಗೇ ಇತ್ತು. ಎ-ಏ, ಒ-ಓ ಬೇರೆ ಬೇರೆ ತೋರಿಸುತ್ತಿರಲಿಲ್ಲ. ಓದುವವನಿಗೆ ಭಾಷೆ ಗೊತ್ತು ಅನ್ನುವ ನಂಬಿಕೆಯ ಮೇಲೆ ಬರೆಯುತ್ತಿದ್ದರು. ರಷ್ಯನ್ನರು ಇವತ್ತಿಗೂ ಈ ಒಂದು ಅಕ್ಷರದ ವಿಷಯದಲ್ಲಿ ಹಾಗೇ ಬರೆಯುತ್ತಿದ್ದಾರೆ.

ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳಿವೆ. ಆರನೆಯದು 'ಯೆ'. ನೋಡಲು ಇಂಗ್ಲಿಷಿನ ಇ ಅಕ್ಷರದ ಹಾಗೇ ಇರುತ್ತೆ. ಏಳನೆಯದು ಅದೇ ಅಕ್ಷರ, ನೆತ್ತಿಯ ಮೇಲೆ ಅಕ್ಕಪಕ್ಕ ಎರಡು ಚುಕ್ಕಿ. ಅದು 'ಯೋ'. ನಾವೂ 'ಎಲ್ಲಿ' ಅಂತ ಬರೆದು 'ಯೆಲ್ಲಿ' ಅಂತೀವಿ, ಅಲ್ವಾ? ಹಾಗಾಗಿ ಮೊದಲನೆಯದು ನಮ್ಮ ಬಾಯಿಗೆ ಹೊಸದೇನಲ್ಲ. ಎರಡನೆಯದು ವ್ಯಂಜನದ ಬೆನ್ನಿಗೆ ಬಂದರೆ ನಮ್ಮ ಯಕಾರದ ಒತ್ತಿನ ಹಾಗೆ ಕೇಳುತ್ತೆ: ಮ್ಯೋ, ಲ್ಯೋ, ತ್ಯೋ.

ಈ ಶಬ್ದ ರಷ್ಯನ್‌ನಲ್ಲಿ ಮೊದಲಿನಿಂದ ಇರಲಿಲ್ಲ. ಜೇನಿಗೆ ಅವರ ಪದ 'ಮ್ಯೋದ್'. ನಮ್ಮ 'ಮಧು' ಇದೆಯಲ್ಲ, ಸಂಸ್ಕೃತದಿಂದ ಬಂದದ್ದು, ಅದೂ ಇದೂ ಒಂದೇ ಬೇರಿನ ಪದಗಳು. ಹಿಂದೆ ಅದನ್ನು 'ಮೆದ್' ಅನ್ನುವ ಹಾಗೆ ಉಚ್ಚರಿಸುತ್ತಿದ್ದರು. ಸುಮಾರು 12ನೇ ಶತಮಾನದಿಂದ ಈಚೆಗೆ ಜನರ ಬಾಯಲ್ಲಿ ಒಂದು ಬದಲಾವಣೆ ಆಗುತ್ತಾ ಬಂತು. ಪದ ಹೇಳುವಾಗ ದನಿಯ ಒತ್ತು ಬೀಳುವ ಜಾಗದಲ್ಲಿ 'ಎ' ಇದ್ದು, ಅದರ ಮುಂದೆ ಗಡಸು ವ್ಯಂಜನ, ಅಂದರೆ ಯಕಾರದ ಛಾಯೆ ಇಲ್ಲದ ವ್ಯಂಜನ, ಬಂದರೆ, ಆ 'ಎ' ಹೋಗಿ 'ಯೋ' ಆಗತೊಡಗಿತು. ನಮ್ಮಲ್ಲಿ 'ಪಾಲು' ಹೋಗಿ 'ಹಾಲು' ಆಯಿತಲ್ಲ, ಹಾಗೆ. ಆದರೆ ನಮ್ಮಲ್ಲಿ ಪಕಾರ ಹಕಾರ ಆದಾಗ 'ಹ' ಅಕ್ಷರ ಮೊದಲೇ ಸಿದ್ಧವಾಗಿತ್ತು. ಬರಹ ಸುಲಭವಾಗಿ ಬಾಯಿಯ ಜೊತೆ ನಡೆಯಿತು. ಅವರಲ್ಲಿ ಶಬ್ದ ಬಂದು ಬಾಗಿಲಲ್ಲಿ ನಿಂತಿತು, ಕೂರಲು ಮಣೆ ಇರಲಿಲ್ಲ. ಸಿರಿಲಿಕ್ ಲಿಪಿ ಬಲ್ಗೇರಿಯಾದ ಕಡೆ ರೂಪುಗೊಂಡದ್ದು 9ನೇ ಶತಮಾನದ ಕೊನೆಯ ಹೊತ್ತಿಗೆ. ಆಗ ಈ ಶಬ್ದವೇ ಇರಲಿಲ್ಲ. ಹಾಗಿರುವಾಗ ಅಕ್ಷರ ಎಲ್ಲಿಂದ ಬರಬೇಕು?

ಇನ್ನೂ ಒಂದು ತೊಡಕಿತ್ತು. ಚರ್ಚಿನ ಭಾಷೆ ಈ ಬದಲಾವಣೆಯನ್ನು ಒಪ್ಪಿಕೊಳ್ಳಲಿಲ್ಲ. ಪ್ರಾರ್ಥನೆ ಓದುವಾಗ ಹಳೆಯ 'ಎ'ಯನ್ನೇ ಹೇಳಬೇಕು. ಇದರಿಂದ ಒಂದು ಸೊಗಸಾದ ಸಂಗತಿ ನಡೆದಿದೆ, ಅದನ್ನು ನಾನು ಯಾರಿಗೆ ಸಿಕ್ಕರೂ ಹೇಳುತ್ತೇನೆ. ಆಕಾಶಕ್ಕೆ ರಷ್ಯನ್ ಪದ 'ನ್ಯೆಬ'. ನಮ್ಮ 'ನಭ'ದ ಹತ್ತಿರದ ನೆಂಟ. ಬಾಯಿಯ ಒಳಗಿನ ಅಂಗಳಕ್ಕೆ, ನಾಲಗೆ ಎತ್ತಿದರೆ ತಗಲುವ ಆ ಚಾವಣಿಗೆ, ಅವರ ಪದ 'ನ್ಯೋಬ'. ಮೂಲದಲ್ಲಿ ಎರಡೂ ಒಂದೇ ಪದ. ಬಾಯೊಳಗೂ ಒಂದು ಆಕಾಶ ಇದೆ ಅಂತ ಯಾರೋ ಹಿಂದಿನವರು ಕಂಡುಕೊಂಡಿದ್ದರು. ಮೇಲಿನ ಆಕಾಶ ಪ್ರಾರ್ಥನೆಗಳಲ್ಲಿ ಬರುವ ಪದ. ಚರ್ಚು ಅದನ್ನು ಹಳೆಯ ಉಚ್ಚಾರಣೆಯಲ್ಲೇ ಹಿಡಿದಿಟ್ಟಿತು. ಬಾಯೊಳಗಿನ ಆಕಾಶದ ಗೋಜಿಗೆ ಚರ್ಚು ಹೋಗಲಿಲ್ಲ. ಅದು ಜನರ ಜೊತೆ ಉಳಿದು 'ಯೋ' ಆಯಿತು. ಈಗ ಅಚ್ಚಿನಲ್ಲಿ ಎರಡನ್ನೂ ಬೇರೆ ಮಾಡುವುದು ಎರಡು ಚುಕ್ಕಿ.

ಹೀಗೆ 'ಎ' ಅಂದರೆ ಗೌರವದ, ಗಂಭೀರವಾದ ಉಚ್ಚಾರಣೆ, 'ಯೋ' ಅಂದರೆ ಬೀದಿಯದು, ಅಡುಗೆಮನೆಯದು ಅನ್ನುವ ಭಾವನೆ ಓದಿದವರಲ್ಲಿ ಬೇರೂರಿತು. ಕೀಳು ಅಂದುಕೊಂಡ ಶಬ್ದಕ್ಕೆ ಒಂದು ಅಕ್ಷರ ಯಾಕೆ ಬೇಕು? ಶತಮಾನಗಟ್ಟಲೆ ಯಾರಿಗೂ ಬೇಕು ಅನ್ನಿಸಲಿಲ್ಲ. 18ನೇ ಶತಮಾನದಲ್ಲಿ ಕೆಲವರು 'ಇ' ಮತ್ತು 'ಒ' ಎರಡನ್ನೂ ಪಕ್ಕಪಕ್ಕ ಬರೆದು, ಮೇಲೆ ಛತ್ರಿಯ ಹಾಗೆ ಒಂದು ಕಮಾನು ಎಳೆದು ಕೆಲಸ ನಡೆಸುತ್ತಿದ್ದರು. ಬರೆಯಲೂ ಕಷ್ಟ, ಅಚ್ಚು ಮೊಳೆ ಜೋಡಿಸಲೂ ಕಷ್ಟ.

ಈಗ 1783ಕ್ಕೆ ಬರೋಣ. ಊರು ಸೇಂಟ್ ಪೀಟರ್ಸ್‌ಬರ್ಗ್. ಆ ವರ್ಷ ರಷ್ಯನ್ ಅಕಾಡೆಮಿ ಶುರುವಾಯಿತು. ಅದರ ಮೊದಲ ದೊಡ್ಡ ಕೆಲಸ ರಷ್ಯನ್ ಭಾಷೆಗೊಂದು ನಿಘಂಟು ಮಾಡುವುದು. ಅಕಾಡೆಮಿಯ ಅಧ್ಯಕ್ಷೆ ರಾಜಕುಮಾರಿ ಯೆಕತೆರೀನಾ ದಾಶ್ಕೊವಾ. ವಿಜ್ಞಾನಗಳ ಅಕಾಡೆಮಿಗೂ ಅದೇ ವರ್ಷ ಅವರೇ ನಿರ್ದೇಶಕಿ ಆಗಿದ್ದರು. ಆ ಕಾಲದಲ್ಲಿ ಒಬ್ಬ ಹೆಂಗಸು ಇಂಥ ಎರಡು ಸಂಸ್ಥೆಗಳನ್ನು ನಡೆಸಿದ್ದು ಸಣ್ಣ ಮಾತಲ್ಲ. ನವೆಂಬರಿನ ಒಂದು ದಿನ ಅವರ ಮನೆಯಲ್ಲಿ ಸಭೆ. ದೆರ್ಝಾವಿನ್, ಫನ್ವೀಜಿನ್ ಅವರಂಥ ದೊಡ್ಡ ಸಾಹಿತಿಗಳು ಕೂತಿದ್ದಾರೆ. ಕ್ರೈಸ್ತ ಧರ್ಮಗುರುಗಳೂ ಇದ್ದಾರೆ.

ಮುಂದಿನದನ್ನು ರಷ್ಯನ್ನರು ಹೀಗೆ ಹೇಳುತ್ತಾರೆ. ಸಭೆ ಮುಗಿಯುವ ಹೊತ್ತಿಗೆ ದಾಶ್ಕೊವಾ ಎದ್ದು 'ಯೋಲ್ಕ' ಅಂತ ಬರೆದರು. ಚಳಿಗಾಲದ ಹಬ್ಬಕ್ಕೆ ಮನೆಯೊಳಗೆ ತಂದು ಅಲಂಕರಿಸುವ ಮರ ಇದೆಯಲ್ಲ, ಅದರ ಹೆಸರು. ಆಗಿನ ರೂಢಿಯಂತೆ 'ಇ' ಮತ್ತು 'ಒ' ಸೇರಿಸಿ ಬರೆದರು. ಆಮೇಲೆ ಕೇಳಿದರು: 'ಒಂದೇ ಶಬ್ದವನ್ನು ಎರಡು ಅಕ್ಷರಗಳಿಂದ ಬರೆಯುವುದು ಸರಿಯೇ?' ಇದಕ್ಕೊಂದು ಹೊಸ ಅಕ್ಷರ ಇರಲಿ ಅಂತ ಅಲ್ಲಿ ಮಾತಾಯಿತು. ಆ ಕೋಣೆಯಲ್ಲಿ ನಿಜವಾಗಿ ಯಾರು ಏನೆಂದರು ಅನ್ನುವುದನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ನನಗೆ ಮಾತ್ರ ಆ ಪ್ರಶ್ನೆಯೇ ತುಂಬ ಇಷ್ಟ. ಹಬ್ಬದ ಮರದ ಹೆಸರನ್ನು ಮಕ್ಕಳು ಹೇಗೆ ಕೂಗುತ್ತಾರೋ ಹಾಗೇ ಬರೆಯೋಣ ಅನ್ನುವ ಆಸೆ ಅದರಲ್ಲಿದೆ.

ಅಕ್ಷರ ಮೊದಲ ಸಲ ಅಚ್ಚಾದದ್ದು 1795ರಲ್ಲಿ, ಮಾಸ್ಕೋ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ. ಇವಾನ್ ದ್ಮಿತ್ರಿಯೆವ್ ಅನ್ನುವ ಕವಿಯ ಸಂಕಲನ. ಯೆ ಅಕ್ಷರದ ಮೇಲೆ ಎರಡು ಚುಕ್ಕಿ ಇಡುವುದು ಫ್ರೆಂಚ್ ಓದಿದ್ದ ಆ ಕಾಲದವರಿಗೆ ಕಣ್ಣಿಗೆ ಪರಿಚಯ ಇದ್ದ ಗುರುತು. ಆ ಪುಸ್ತಕದಲ್ಲಿ ಚುಕ್ಕಿ ಹೊತ್ತು ಬಂದ ಮೊದಲ ಪದ ಯಾವುದು ಗೊತ್ತಾ? 'ಫ್ಸ್ಯೋ'. ಎಲ್ಲವೂ. ನಾನು ಪತ್ರಿಕೆಯಲ್ಲಿ ಎಡವಿದ್ದೆನಲ್ಲ, ಅದೇ ಪದ. ಜೊತೆಗೆ 'ಅಗನ್ಯೋಕ್' ಅಂದರೆ ಪುಟ್ಟ ಬೆಂಕಿ, 'ಪಿನ್ಯೋಕ್' ಅಂದರೆ ಪುಟ್ಟ ಮರದ ಬೊಡ್ಡೆ, ಇವೂ ಇದ್ದವು.

ಮರುವರ್ಷ, 1796ರಲ್ಲಿ, ನಿಕೊಲಾಯ್ ಕರಮ್ಜೀನ್ ತಾವು ತರುತ್ತಿದ್ದ ಕವಿತೆಗಳ ವಾರ್ಷಿಕ ಸಂಚಿಕೆಯಲ್ಲಿ ಈ ಅಕ್ಷರ ಬಳಸಿದರು. ಅರ್ಯೋಲ್ ಅಂದರೆ ಹದ್ದು, ಮತಿಲ್ಯೋಕ್ ಅಂದರೆ ಪತಂಗ, ಸ್ಲ್ಯೋಜಿ ಅಂದರೆ ಕಣ್ಣೀರು. ಕರಮ್ಜೀನ್ ಆಗ ಎಲ್ಲರೂ ಓದುತ್ತಿದ್ದ ಬರಹಗಾರ. ಹಾಗಾಗಿ ಹೆಸರು ಅವರಿಗೇ ಹೋಯಿತು. ಬಹಳ ಕಾಲ ಪುಸ್ತಕಗಳಲ್ಲೂ 'ಈ ಅಕ್ಷರ ತಂದದ್ದು ಕರಮ್ಜೀನ್' ಅಂತಲೇ ಬರೆಯುತ್ತಿದ್ದರು. ಅದೇ ಕರಮ್ಜೀನ್ ಮುಂದೆ ಬರೆದ ರಷ್ಯಾದ ದೊಡ್ಡ ಇತಿಹಾಸದಲ್ಲಿ ಈ ಅಕ್ಷರ ಬಳಸಲಿಲ್ಲ. ಕವಿತೆಗೆ ಒಪ್ಪಿದ್ದು ಗಂಭೀರ ಗ್ರಂಥಕ್ಕೆ ಒಪ್ಪಲಿಲ್ಲವೇನೋ.

ಒಪ್ಪದವರಲ್ಲಿ ದೊಡ್ಡ ಹೆಸರು ಅಡ್ಮಿರಲ್ ಶಿಶ್ಕೋವ್ ಅವರದು. ಹಳೆಯ ಶೈಲಿಯ ಕಟ್ಟಾಳು. ತಮ್ಮ ಪುಸ್ತಕಗಳ ಪುಟ ತಿರುವಿ ತಿರುವಿ ಈ ಚುಕ್ಕಿಗಳನ್ನು ಅಳಿಸುತ್ತಾ ಕೂರುತ್ತಿದ್ದರು ಅಂತ ಹೇಳುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಭಾಷೆಯ ಘನತೆ ಹೋಗುತ್ತೆ ಅನ್ನುವ ಭಯ ಪ್ರೀತಿಯಿಂದಲೇ ಹುಟ್ಟುವಂಥದ್ದು. ಆದರೆ ಅಳಿಸಿದ್ದು ಚುಕ್ಕಿಯನ್ನು ಮಾತ್ರ. ಜನರ ಬಾಯಲ್ಲಿ 'ಯೋ' ಹಾಗೇ ಇತ್ತು.

19ನೇ ಶತಮಾನ ಪೂರ್ತಿ ಅಕ್ಷರ ಹೀಗೇ ಹೊಸಿಲ ಮೇಲೆ ನಿಂತಿತ್ತು. ಹಾಕುವವರು ಹಾಕಿದರು, ಬಿಡುವವರು ಬಿಟ್ಟರು. ಕ್ರಾಂತಿಯ ವರ್ಷ, 1917ರಲ್ಲಿ, ರಷ್ಯನ್ ಬರಹದ ದೊಡ್ಡ ಸುಧಾರಣೆ ಆಯಿತು. ಕೆಲವು ಹಳೆಯ ಅಕ್ಷರಗಳನ್ನು ಪೂರ್ತಿ ತೆಗೆದುಹಾಕಿದರು. 'ಯೋ' ಬಗ್ಗೆ ಏನು ಹೇಳಿದರು? ಬಳಸುವುದು ಒಳ್ಳೆಯದು, ಆದರೆ ಕಡ್ಡಾಯ ಅಲ್ಲ. ನಮ್ಮ ಕಡೆ 'ಹೆಲ್ಮೆಟ್ ಹಾಕಿಕೊಂಡರೆ ಒಳ್ಳೆಯದು' ಅಂದ ಹಾಗೆ. ಯಾರು ಹಾಕಿಕೊಳ್ಳುತ್ತಾರೆ ಹೇಳಿ?

ಟೈಪ್‌ರೈಟರ್ ಬಂದ ಮೇಲೆ ಕಷ್ಟ ಇನ್ನೂ ಜಾಸ್ತಿ ಆಯಿತು. ಎಷ್ಟೋ ಯಂತ್ರಗಳಲ್ಲಿ ಈ ಅಕ್ಷರದ ಕೀಲಿಯೇ ಇರಲಿಲ್ಲ. 'ಯೆ' ಒತ್ತಬೇಕು, ಒಂದು ಹೆಜ್ಜೆ ಹಿಂದೆ ಬರಬೇಕು, ಅದರ ಮೇಲೆ ಉದ್ಧರಣ ಚಿಹ್ನೆ ಒತ್ತಬೇಕು. ಒಂದು ಅಕ್ಷರಕ್ಕೆ ಮೂರು ಏಟು. ದಿನಕ್ಕೆ ಹತ್ತಾರು ಪುಟ ಟೈಪ್ ಮಾಡುವವರು ಅದನ್ನು ಬಿಟ್ಟರೆ ಅವರನ್ನು ದೂರಲಾಗದು. ಕೈಬರಹದಲ್ಲೂ ಅಷ್ಟೇ. ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಬರೆಯುವ ರಷ್ಯನ್ ಕೈಬರಹ ಒಂದೇ ಓಟದಲ್ಲಿ ಹರಿಯುತ್ತೆ. ನಡುವೆ ಪೆನ್ನು ಎತ್ತಿ ಹಿಂದೆ ಹೋಗಿ ಎರಡು ಚುಕ್ಕಿ ಇಡುವುದು ಅಂದರೆ ಓಡುವವನನ್ನು ನಿಲ್ಲಿಸಿದ ಹಾಗೆ.

ಆಮೇಲೆ ಬರುತ್ತೆ 1942. ಸ್ಟಾಲಿನ್‌ಗ್ರಾಡ್‌ನಲ್ಲಿ ಮನೆಮನೆಗೂ ಕಾಳಗ ನಡೆಯುತ್ತಿದ್ದ ಡಿಸೆಂಬರ್. ಆ ತಿಂಗಳ 24ರಂದು ಶಿಕ್ಷಣ ಇಲಾಖೆಯಿಂದ ಒಂದು ಆದೇಶ ಹೊರಟಿತು: ಶಾಲೆಗಳಲ್ಲಿ 'ಯೋ' ಅಕ್ಷರವನ್ನು ಕಡ್ಡಾಯವಾಗಿ ಬಳಸಬೇಕು. ಅಂಥ ಯುದ್ಧದ ನಡುವೆ ಎರಡು ಚುಕ್ಕಿಗೊಂದು ಆದೇಶ! ಇದರ ಹಿಂದೆ ಹಲವು ದಂತಕತೆಗಳಿವೆ. ಸ್ಟಾಲಿನ್ ಮುಂದೆ ಸಹಿಗೆ ಬಂದ ಕಾಗದದಲ್ಲಿ ಸೇನಾಧಿಕಾರಿಗಳ ಹೆಸರುಗಳು ಚುಕ್ಕಿ ಇಲ್ಲದೆ ಅಚ್ಚಾಗಿದ್ದವು, ಅವರಿಗೆ ಕೋಪ ಬಂತು ಅಂತ ಒಂದು ಕತೆ. ಜರ್ಮನ್ನರಿಂದ ವಶಪಡಿಸಿಕೊಂಡ ನಕ್ಷೆಗಳಲ್ಲಿ ರಷ್ಯನ್ ಹಳ್ಳಿಗಳ ಹೆಸರು ರಷ್ಯನ್ನರ ನಕ್ಷೆಗಿಂತ ಸರಿಯಾಗಿತ್ತು ಅಂತ ಇನ್ನೊಂದು. ಕತೆಗಳನ್ನು ಕತೆಗಳಾಗಿಯೇ ಇಟ್ಟುಕೊಳ್ಳೋಣ. ಆದೇಶ ಮಾತ್ರ ನಿಜ. ಪತ್ರಿಕೆಗಳಲ್ಲೂ ಚುಕ್ಕಿ ಕಾಣಿಸಿಕೊಂಡಿತು. 1945ರಲ್ಲಿ ಈ ಒಂದು ಅಕ್ಷರಕ್ಕೆಂದೇ ಒಂದು ಕೈಪಿಡಿ ಕೂಡ ಬಂತು.

ಹೆಚ್ಚು ದಿನ ನಿಲ್ಲಲಿಲ್ಲ. 1956ರ ಬರಹ ನಿಯಮಗಳಲ್ಲಿ ಮತ್ತೆ ಸಡಿಲ ಮಾಡಿದರು. ತಪ್ಪಾಗಿ ಓದುವ ಅಪಾಯ ಇದ್ದರೆ ಹಾಕಿ, ಜನರಿಗೆ ಗೊತ್ತಿಲ್ಲದ ಪದವಾದರೆ ಹಾಕಿ, ಬಾಲಬೋಧೆಗಳಲ್ಲಿ, ಭಾಷೆ ಕಲಿಸುವ ಪುಸ್ತಕಗಳಲ್ಲಿ ಹಾಕಿ. ಉಳಿದ ಕಡೆ ನಿಮ್ಮಿಷ್ಟ. ನನ್ನ ಪಠ್ಯಪುಸ್ತಕದಲ್ಲಿ ಚುಕ್ಕಿ ಇದ್ದು ಪತ್ರಿಕೆಯಲ್ಲಿ ಇಲ್ಲದ್ದಕ್ಕೆ ಕಾರಣ ಇದೇ. ಈಗಿನ ಕಂಪ್ಯೂಟರ್ ಕೀಲಿಮಣೆಯಲ್ಲಿ ಅದಕ್ಕೊಂದು ಜಾಗವಂತೂ ಸಿಕ್ಕಿದೆ. ಎಲ್ಲಿ? ಉಳಿದ ಅಕ್ಷರಗಳಿಂದ ದೂರ, ಎಡಗಡೆ ಮೇಲಿನ ಮೂಲೆಯಲ್ಲಿ, ಎಸ್ಕೇಪ್ ಕೀಲಿಯ ಕೆಳಗೆ. ಕಿರುಬೆರಳು ಚಾಚಿದರೂ ಕಷ್ಟಪಟ್ಟು ಸಿಗುತ್ತೆ.

ಚುಕ್ಕಿ ಬಿಟ್ಟರೆ ಏನಾಯಿತು ಮಹಾ ಅಂತ ಕೇಳುವವರಿಗೆ ರಷ್ಯನ್ನರೇ ಒಂದು ವಾಕ್ಯ ಹೇಳುತ್ತಾರೆ. 'ಪೆರೆದಖ್ನ್ಯೋಮ್' ಅಂದರೆ 'ಸ್ವಲ್ಪ ಸುಧಾರಿಸಿಕೊಳ್ಳೋಣ'. ಚುಕ್ಕಿ ತೆಗೆದರೆ ಅದನ್ನು 'ಪೆರೆದೋಖ್ನೆಮ್' ಅಂತಲೂ ಓದಬಹುದು. ಹಾಗೆಂದರೆ 'ಒಬ್ಬರಾದ ಮೇಲೆ ಒಬ್ಬರು ಸತ್ತುಹೋಗುತ್ತೇವೆ'. ಇನ್ನು 'ಸವಿರ್ಶೆನ್ನಿ' ಅಂದರೆ ಪರಿಪೂರ್ಣ. ಚುಕ್ಕಿ ಹಾಕಿದರೆ 'ಸವಿರ್ಶೋನ್ನಿ', ಅಂದರೆ ಎಸಗಿದ, ಮಾಡಿದ. 'ಎಸಗಿದ ಅಪರಾಧ' ಅನ್ನಬೇಕಾದ ಕಡೆ 'ಪರಿಪೂರ್ಣ ಅಪರಾಧ' ಅಂತಲೂ ಓದಬಹುದು.

ಅದಕ್ಕಿಂತ ನಿಧಾನವಾದ, ಯಾರ ಗಮನಕ್ಕೂ ಬಾರದ ಹಾನಿ ಇನ್ನೊಂದಿದೆ. ಬರಹ ಬಾಯಿಯನ್ನೇ ತಿದ್ದಿಬಿಡುತ್ತೆ. ಬೀಟ್‌ರೂಟಿಗೆ ರಷ್ಯನ್ ಪದ 'ಸ್ವ್ಯೋಕ್ಲ'. ನಿಘಂಟು ಹೇಳುವುದು ಹಾಗೆ. ಚುಕ್ಕಿ ಇಲ್ಲದೆ ಓದಿ ಓದಿ ಎಷ್ಟೋ ಜನ ಒತ್ತನ್ನು ಕೊನೆಗೆ ಹಾಕಿ 'ಸ್ವಿಕ್ಲಾ' ಅನ್ನುತ್ತಾರೆ. ಅತ್ತ, ಮೋಸದ ವ್ಯವಹಾರಕ್ಕೆ ಫ್ರೆಂಚಿನಿಂದ ಬಂದ ಪದ 'ಅಫ್ಯೆರ'. ಅದರಲ್ಲಿ ಚುಕ್ಕಿ ಇಲ್ಲವೇ ಇಲ್ಲ. ಆದರೆ ಪತ್ರಿಕೆ ಚುಕ್ಕಿ ಬಿಟ್ಟಿರಬೇಕು ಅಂದುಕೊಂಡು ಜನ 'ಅಫ್ಯೋರ' ಅಂತ ತಾವೇ ಸೇರಿಸುತ್ತಾರೆ. ಎಕ್ಸ್-ರೇ ಕಂಡುಹಿಡಿದ ಜರ್ಮನ್ ವಿಜ್ಞಾನಿಯ ಹೆಸರು ನಮ್ಮ ಪಠ್ಯಗಳಲ್ಲಿ ರಾಂಟ್‌ಜನ್ ಅಂತ ಇರುತ್ತೆ. ಆ ಹೆಸರಿನ ಮೂಲ ಸ್ವರಕ್ಕೆ ರಷ್ಯನ್‌ನಲ್ಲಿ ಹತ್ತಿರದ್ದು 'ಯೋ'. ಚುಕ್ಕಿ ಬಿದ್ದುಹೋಗಿ ಅದು 'ರೆಂತ್ಗೆನ್' ಆಯಿತು. ಇವತ್ತು ರಷ್ಯಾದ ಆಸ್ಪತ್ರೆಗಳಲ್ಲಿ ಎಕ್ಸ್-ರೇಗೆ ಹೆಸರೇ ರೆಂತ್ಗೆನ್.

ಹೆಸರುಗಳ ವಿಷಯಕ್ಕೆ ಬಂದರೆ ಇದು ನಮ್ಮ ಮನೆ ಬಾಗಿಲಿಗೂ ಬರುತ್ತೆ. ಇಲ್ಲಿ ಕೂತಿರುವ ಹಿರಿಯರು ಸೋವಿಯತ್ ನಾಯಕರ ಹೆಸರನ್ನು 'ಕ್ರುಶ್ಚೇವ್', 'ಗೋರ್ಬಚೇವ್' ಅಂತ ಓದಿಕೊಂಡೇ ಬಂದವರು. ರಷ್ಯನ್ನರ ಬಾಯಲ್ಲಿ ಅವರು 'ಖ್ರುಶ್ಚೋವ್' ಮತ್ತು 'ಗರ್ಬಚೋವ್'. ಎರಡೂ ಹೆಸರಿನಲ್ಲಿ ನಮ್ಮ ಎರಡು ಚುಕ್ಕಿಯ ಅಕ್ಷರವೇ ಇರುವುದು. ರಷ್ಯನ್ ಪತ್ರಿಕೆ ಚುಕ್ಕಿ ಬಿಟ್ಟಿತು. ಇಂಗ್ಲಿಷಿನವರು ಕಂಡದ್ದನ್ನು ಹಾಗೇ ಬರೆದರು. ನಾವು ಇಂಗ್ಲಿಷನ್ನು ನೋಡಿ ಬರೆದೆವು. ಎಂಜಿನಿಯರಿಂಗ್ ಓದಿದವರು 'ಚೆಬಿಶೆವ್ ಫಿಲ್ಟರ್' ಪಾಠ ಮಾಡಿರುತ್ತೀರಿ. ಆ ಗಣಿತಜ್ಞರ ಹೆಸರು 'ಚೆಬಿಶೋವ್', ಒತ್ತು ಕೊನೆಯಲ್ಲಿ. ಫಿಲ್ಮ್ ಸೊಸೈಟಿಗಳಲ್ಲಿ ಮತ್ತೆ ಮತ್ತೆ ತೋರಿಸುವ ಆ ಯುದ್ಧನೌಕೆಯ ಮೂಕಿಚಿತ್ರ ಇದೆಯಲ್ಲ, 'ಪೊಟೆಮ್‌ಕಿನ್', ಆ ಹೆಸರು 'ಪತ್ಯೋಮ್‌ಕಿನ್'. ಅದೇ ಕಾದಂಬರಿಕಾರ ದಾಸ್ತಯೆವ್‌ಸ್ಕಿಯ ಅದೃಷ್ಟ ನೋಡಿ. ಅವರ ಮೊದಲ ಹೆಸರಿನಲ್ಲೂ ಇದೇ ಅಕ್ಷರ ಇದೆ. ಅದನ್ನು ಇಂಗ್ಲಿಷ್ ಅನುವಾದಕರು ಕಿವಿಯಿಂದ ಕೇಳಿ ಬರೆದರು. ನಮಗೆ 'ಫ್ಯೋದೊರ್' ಸರಿಯಾಗಿಯೇ ಸಿಕ್ಕಿತು. ಒಂದೇ ಅಕ್ಷರ, ಎರಡು ಹಣೆಬರಹ.

ಇದರ ಉಲ್ಟಾ ಕೂಡ ಇದೆ. ಚದುರಂಗದ ವಿಶ್ವ ಚಾಂಪಿಯನ್ ಆಗಿದ್ದ ಅಲೆಖಿನ್ ಅವರನ್ನು ಯಾರಾದರೂ 'ಅಲ್ಯೋಖಿನ್' ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಚುಕ್ಕಿ ಇಲ್ಲದ ಹೆಸರಿಗೆ ಜನ ತಾವೇ ಚುಕ್ಕಿ ಹಾಕಿ ಕರೆಯುತ್ತಿದ್ದರು. ಎಲ್ಲರೂ ತಪ್ಪದೆ ಚುಕ್ಕಿ ಹಾಕುತ್ತಿದ್ದರೆ, ಇಲ್ಲದ ಕಡೆ ಇಲ್ಲ ಅನ್ನುವುದೂ ತಾನಾಗಿ ತಿಳಿಯುತ್ತಿತ್ತು, ಅಲ್ವಾ?

ನನ್ನ ಟೀಚರ್ ಮನೆಯ ಒಂದು ಸಂಗತಿ ಹೇಳುತ್ತೇನೆ. ಅವರ ತಂದೆಯ ಹೆಸರು ಪ್ಯೋತರ್. ನಮ್ಮಲ್ಲಿ ಪೀಟರ್ ಅಂತೀವಲ್ಲ, ಅದು. ಅವರ ಜನನ ಪತ್ರದಲ್ಲಿ ಯಾರೋ ಗುಮಾಸ್ತರು ಅಂದವಾದ ಕೈಬರಹದಲ್ಲಿ ಎರಡು ಚುಕ್ಕಿ ಇಟ್ಟಿದ್ದರು. ಮುಂದಿನ ಯಾವ ಕಾಗದದಲ್ಲೂ ಚುಕ್ಕಿ ಇಲ್ಲ. ತಂದೆ ತೀರಿಕೊಂಡ ಮೇಲೆ ಮನೆಯ ಕಾಗದಪತ್ರ ಮಾಡಿಸಲು ಹೋದಾಗ ಒಂದು ಕಚೇರಿಯಲ್ಲಿ, 'ಇವರಿಬ್ಬರೂ ಒಬ್ಬರೇ ಅನ್ನುವುದಕ್ಕೆ ಏನು ಆಧಾರ?' ಅಂತ ಕೇಳಿದರಂತೆ. ಎರಡು ಚುಕ್ಕಿಗಾಗಿ ತಿಂಗಳುಗಟ್ಟಲೆ ಅಲೆದಾಟ. ರಷ್ಯಾದಲ್ಲಿ ಇಂಥವು ಎಷ್ಟೋ ನಡೆದಿವೆ. ಪಿಂಚಣಿ, ಆಸ್ತಿ, ಮದುವೆ ನೋಂದಣಿ, ಎಲ್ಲದರಲ್ಲೂ. ಕೋರ್ಟಿನವರೆಗೂ ಹೋಗಿವೆ. ಈಗಿನ ರಷ್ಯನ್ ಪಾಸ್‌ಪೋರ್ಟಿನಲ್ಲಿ ರೋಮನ್ ಲಿಪಿಗೆ ತರುವಾಗ 'ಯೋ'ವನ್ನೂ ಇ ಅಂತಲೇ ಬರೆಯುತ್ತಾರೆ. ಫ್ಯೋದೊರ್ ವಿಮಾನ ಹತ್ತುವಾಗ ಫೆದೊರ್ ಆಗುತ್ತಾನೆ.

ಟೀಚರ್ ಹೆಸರಿನಲ್ಲಿ ಇನ್ನೊಂದು ಚೆಂದ ಇದೆ. ರಷ್ಯನ್ನರು ತಂದೆಯ ಹೆಸರನ್ನು ಮಕ್ಕಳ ಹೆಸರಿಗೆ ಸೇರಿಸುತ್ತಾರೆ. ಪ್ಯೋತರ್ ಮಗಳು 'ಪೆತ್ರೋವ್ನ' ಆಗುತ್ತಾಳೆ. ಚುಕ್ಕಿ ಎಲ್ಲಿ ಹೋಯಿತು? ಒತ್ತು ಮುಂದಿನ ಸ್ವರಕ್ಕೆ ಜಾರಿತು, ಚುಕ್ಕಿ ಮಾಯವಾಯಿತು. ಈ ಅಕ್ಷರ ಬಹುಮಟ್ಟಿಗೆ ಒತ್ತು ಇರುವ ಕಡೆ ಮಾತ್ರ ಬದುಕುತ್ತೆ. ನಕ್ಷತ್ರಕ್ಕೆ 'ಜ್ವೆಜ್ದಾ' ಅಂತಾರೆ, ಒತ್ತು ಕೊನೆಯಲ್ಲಿ. ನಕ್ಷತ್ರಗಳು ಅಂದರೆ 'ಜ್ವ್ಯೋಜ್ದಿ', ಒತ್ತು ಮೊದಲಲ್ಲಿ. ಒಂದು ನಕ್ಷತ್ರ ಇದ್ದಾಗ ಚುಕ್ಕಿ ಇಲ್ಲ, ಹಲವು ಆದಾಗ ಚುಕ್ಕಿ ಮೂಡುತ್ತೆ. ನಾವು ಕನ್ನಡದಲ್ಲಿ ನಕ್ಷತ್ರಕ್ಕೂ ಚುಕ್ಕಿ ಅಂತೀವಿ. ಇದನ್ನು ಟೀಚರ್‌ಗೆ ಹೇಳಿದಾಗ ಅವರು ತಮ್ಮ ಪುಸ್ತಕದ ಅಂಚಿನಲ್ಲಿ 'ಚುಕ್ಕಿ' ಅಂತ ರಷ್ಯನ್ ಅಕ್ಷರದಲ್ಲಿ ಬರೆದುಕೊಂಡರು.

ಈ ಅಕ್ಷರಕ್ಕೆ ಒಂದು ಸ್ಮಾರಕ ಇದೆ. ವೋಲ್ಗಾ ನದಿಯ ದಡದ ಉಲ್ಯಾನೊವ್‌ಸ್ಕ್ ಊರಿನಲ್ಲಿ. ಹಳೆಯ ಹೆಸರು ಸಿಂಬಿರ್ಸ್ಕ್, ಕರಮ್ಜೀನ್ ಆ ಸೀಮೆಯವರು. 2005ರಲ್ಲಿ ನಿಲ್ಲಿಸಿದ ಕೆಂಪು ಗ್ರಾನೈಟಿನ ಒಂದು ಚಪ್ಪಡಿ. ಅದರಲ್ಲಿ ಕೊರೆದಿರುವುದು ಒಂದೇ ಅಕ್ಷರ, ಅದೂ ಸಣ್ಣ ಅಕ್ಷರದ 'ಯೋ'. ಕರಮ್ಜೀನ್ ಸಂಚಿಕೆಯಲ್ಲಿ ಅಚ್ಚಾಗಿದ್ದ ಅದೇ ಆಕಾರ.

ಗಡಿ ದಾಟಿದರೆ ಪರಿಸ್ಥಿತಿ ಬೇರೆ. ಪಕ್ಕದ ಬೆಲರೂಸ್ ಭಾಷೆಯಲ್ಲಿ ಚುಕ್ಕಿ ಬಿಡುವ ಹಾಗೇ ಇಲ್ಲ. ಅಲ್ಲಿ ಅದು ತಪ್ಪು. ಉಕ್ರೇನಿಯನ್‌ನಲ್ಲಿ ಈ ಅಕ್ಷರವೇ ಇಲ್ಲ, ಆ ಶಬ್ದವನ್ನು ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ದಾಶ್ಕೊವಾ ಕೇಳಿದ ಪ್ರಶ್ನೆಗೆ ಅವರ ಉತ್ತರ 'ಸರಿಯೇ' ಅಂತ. ಮಂಗೋಲಿಯಾ 1940ರ ದಶಕದಲ್ಲಿ ಸಿರಿಲಿಕ್‌ಗೆ ಬದಲಾದಾಗ ಈ ಅಕ್ಷರವನ್ನೂ ಕರೆದುಕೊಂಡಿತು. ಅಲ್ಲಿ 'ಯೋಸ್' ಅಂದರೆ ಸಂಪ್ರದಾಯ.

ನನಗೆ ತುಂಬ ಖುಷಿ ಕೊಟ್ಟದ್ದು ತಾಜಿಕ್ ಭಾಷೆ. ಅದು ಪಾರಸಿಯ ಒಡಹುಟ್ಟು, ಬರೆಯುವುದು ಸಿರಿಲಿಕ್‌ನಲ್ಲಿ. ಪಾರಸಿಯ 'ಆ' ಅವರ ಬಾಯಲ್ಲಿ 'ಓ' ಆಗುತ್ತೆ. ಹಾಗಾಗಿ ನಾವು ಹಿಂದಿ ಹಾಡಿನಲ್ಲಿ ಕೇಳುವ 'ಯಾರ್', ಗೆಳೆಯ, ಅಲ್ಲಿ 'ಯೋರ್'. 'ಯಾದ್', ನೆನಪು, ಅಲ್ಲಿ 'ಯೋದ್'. ನಮ್ಮ ಕನ್ನಡದಲ್ಲೂ ಓಡಾಡುವ 'ದುನಿಯಾ' ಅಲ್ಲಿ 'ದುನ್ಯೋ'. ಇವನ್ನೆಲ್ಲ ಅವರು ಬರೆಯುವುದು ಪೀಟರ್ಸ್‌ಬರ್ಗಿನ ಆ ಮನೆಯಲ್ಲಿ ಮಾತಿಗೆ ಬಂದ ಅಕ್ಷರದಿಂದ. ಹುಟ್ಟಿದ ಮನೆಯಲ್ಲಿ ಬೇಕಿದ್ದರೆ ಇರು ಅಂದ ಅಕ್ಷರ, ಸಾವಿರಾರು ಮೈಲಿ ಆಚೆ ದಿನನಿತ್ಯದ ಕೆಲಸದಲ್ಲಿದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ನಿವೃತ್ತ ಮೇಷ್ಟ್ರೊಬ್ಬರು, 'ಹಾಗಾದರೆ ಇನ್ನು ಮೇಲೆ ಗೋರ್ಬಚೇವ್ ಅಂತ ಬರೆಯಬಾರದಾ?' ಅಂದರು. ನಾನು ಹೇಳಿದ್ದು ಇಷ್ಟು. ಮೂವತ್ತು ನಲವತ್ತು ವರ್ಷದಿಂದ ರೂಢಿಯಾದ ಹೆಸರನ್ನು ಕೀಳುವುದು ಕಷ್ಟ, ಸಾರ್. ಆದರೆ ಇನ್ನು ಮುಂದೆ ರಷ್ಯನ್‌ನಿಂದ ಕನ್ನಡಕ್ಕೆ ತರುವವರು ಹೆಸರುಗಳನ್ನು ಇಂಗ್ಲಿಷಿನಲ್ಲಿ ನೋಡಿ ಬರೆಯದೆ, ಒಂದು ಒಳ್ಳೆಯ ರಷ್ಯನ್ ನಿಘಂಟು ತೆಗೆದು ನೋಡಲಿ. ನಿಘಂಟುಗಳಲ್ಲಿ ಚುಕ್ಕಿ ಬಿಡುವುದಿಲ್ಲ. ನಮ್ಮ ಲಿಪಿಯಲ್ಲಿ 'ಚೇ' ಬರೆಯುವಷ್ಟೇ ಸುಲಭ 'ಚೋ' ಬರೆಯುವುದು.

'ಟೀಚರ್ ಈಗ ಚುಕ್ಕಿ ಹಾಕುತ್ತಾರಾ?' ಅಂತ ಇನ್ನೊಬ್ಬರು. ಸುಮ್ನೆ ಕಳಿಸುವ ಸಂದೇಶಗಳಲ್ಲಿ ಇಲ್ಲ. ಅಪ್ಪನ ಹೆಸರಿಗೆ ಮಾತ್ರ ತಪ್ಪದೆ ಹಾಕುತ್ತಾರೆ.

ಕೊನೆಗೆ, ಅಜ್ಜಿಯ ಜೊತೆ ಬಂದಿದ್ದ ಒಬ್ಬ ಹುಡುಗಿ ಫೋನ್ ಹಿಡಿದು ಹತ್ತಿರ ಬಂದಳು. ನಾನು ಮಾತಾಡುತ್ತಿದ್ದಾಗಲೇ ರಷ್ಯನ್ ಕೀಲಿಮಣೆ ಹಾಕಿಕೊಂಡಿದ್ದಳು. 'ಇದರಲ್ಲಿ ಆ ಅಕ್ಷರ ಇಲ್ಲವಲ್ಲ ಅಂಕಲ್' ಅಂದಳು. 'ಯೆ' ಮೇಲೆ ಬೆರಳು ಒತ್ತಿ ಹಿಡಿದುಕೋ ಅಂದೆ. ಒತ್ತಿ ಹಿಡಿದಳು. ಮೇಲೆ ಪುಟ್ಟ ಚೌಕದಲ್ಲಿ ಎರಡು ಚುಕ್ಕಿ ಹೊತ್ತು ಅಕ್ಷರ ಬಂತು. ಅದರ ಹಿಂದೊಂದು ಮುಂದೊಂದು ಅಕ್ಷರ ನಾನು ತೋರಿಸಿದೆ, ಅವಳು ಒತ್ತಿದಳು. ಮ್ಯೋದ್. ಅವಳು ಫೋನನ್ನು ಅಜ್ಜಿಯ ಕಡೆ ತಿರುಗಿಸಿ, 'ನೋಡಜ್ಜಿ, ಮಧು' ಅಂದಳು.